ಎಂಟನೆಯ ಲ್ಯಾಪ್

ಮಾರ್ಚ್ 3, ಸೋಮವಾರ

'ಕಡಲು ಮೊದಲು ಹೆಸರನ್ನು ಕೊಡುತ್ತದೆ.' ಅಜ್ಜಿ ಹೇಳುತ್ತಿದ್ದ ಮಾತು. ಹೀಗೇ ಇತ್ತೆ? 'ಮೊದಲು' ಅದರಲ್ಲಿತ್ತೋ, ನಾನು ಸೇರಿಸಿಕೊಂಡದ್ದೋ? ಇದ್ದರೆ ಉಳಿದರ್ಧವೊಂದು ಇರಬೇಕು. ಮೊದಲು ಎಂದ ಮೇಲೆ ಆಮೇಲೆ ಎಂಬುದು ಬರಲೇಬೇಕಲ್ಲ. ಉಣ್ಣೆ ಬಿಡಿಸುತ್ತ ಹೇಳುತ್ತಿದ್ದಳು. ಉಣ್ಣೆಯ ವಾಸನೆ ನೆನಪಿದೆ, ಸಾಲು ಇಲ್ಲ. ಕವಿತೆ ಓದಿಯೇ ಎಂ.ಎ. ಮಾಡಿದವಳ ಗತಿ ಇದು.

ಐದಕ್ಕೆ ಲೈಬ್ರರಿ ಮುಚ್ಚಿದೆ. ಮಂಜು ಬಂದರಿನ ತನಕ ಇಳಿದಿತ್ತು. ಮನೆಗೆ ಬಂದು ಮತ್ತೆ ಕಾರ್ಡು. ಊರಿನ ಈಜು ಸಂಘದವರು ಒಪ್ಪಿಸಿದ ಕೆಲಸ — ದ್ವೀಪಗಳ ಕ್ರೀಡಾಕೂಟಕ್ಕೆ ನಮ್ಮೂರಿನಿಂದ ಹೋದವರ ಹೆಸರೆಲ್ಲ, 1985ರಿಂದ ಈವರೆಗೆ. ಒಬ್ಬರಿಗೆ ಒಂದು ಕಾರ್ಡು. ಮೊದಲ ಸಲ ನಾಲ್ವರು. ಅಮ್ಮಂದಿರು ಹೆಣೆದ ಒಂದೇ ಬಣ್ಣದ ಸ್ವೆಟರ್. ಬಾವುಟ ಹಿಡಿದವನು ಫೋಟೋದಲ್ಲಿ ಅಳುತ್ತಿದ್ದಾನೆ. ಅಳದೆ ಏನು ಮಾಡುತ್ತಾನೆ? ಒಲಿಂಪಿಕ್ಸ್‌ಗೆ ಹೋದರೆ ನಾವು ಫೆರೋ ದ್ವೀಪದವರು ಡೆನ್ಮಾರ್ಕಿನ ಬಾವುಟದ ಹಿಂದೆ ನಡೆಯಬೇಕು. ಈ ಕೂಟದಲ್ಲಿ ಮಾತ್ರ ನಮ್ಮದೇ.

ಬಾರ್ಬಾ ಈಜುಕೊಳದಿಂದ ಬಂದಳು. ತಲೆ ಒದ್ದೆ.

'ಇನ್ನೂ ಸತ್ತೋರನ್ನ ಎಣಿಸ್ತಿದ್ದೀಯಾ ಅಮ್ಮ?'

'ಮುಕ್ಕಾಲು ಜನ ಬದುಕಿದ್ದಾರೆ ಕಣೇ.'

'ನಿನ್ನ ಮುಖ ನೋಡಿದ್ರೆ ಹಾಗನ್ಸಲ್ಲ.'

ಆಮೇಲೆ, ಒಣಮಾಂಸ ಕೊಯ್ಯುತ್ತ, ಏನೂ ದೊಡ್ಡ ವಿಷಯವಲ್ಲ ಎಂಬಂತೆ — 'ಜುಲೈ ಕೂಟಕ್ಕೆ ಆರ್ಕ್ನಿ ದ್ವೀಪಕ್ಕೆ ಹೋಗೋ ಟೀಮಲ್ಲಿ ನಾನಿದ್ದೀನಿ. ಇನ್ನೂರು ಮೀಟರ್ ಫ್ರೀಸ್ಟೈಲ್.'

ನನ್ನ ಮಗಳಿಗೂ ಒಂದು ಕಾರ್ಡು.

ಮಾರ್ಚ್ 9, ಭಾನುವಾರ

1989. ಕೂಟ ನಮ್ಮಲ್ಲೇ ನಡೆದ ವರ್ಷ. ಅಕ್ಕನ ಹೆಸರು. ಬಾರ್ಬಾ, ಕೆಳಮನೆ. ಇನ್ನೂರು ಮೀಟರ್, ಆರನೆಯ ಸ್ಥಾನ. ಸಂಘದ ಪಟ್ಟಿಗಳಲ್ಲಿ ಹುಟ್ಟಿದ ವರ್ಷ ಬರೆಯುವ ರೂಢಿ ಇಲ್ಲ. ಮನೆಯ ಹೆಸರು ಬರೆದರೆ ಸಾಕು, ಯಾರೆಂದು ಎಲ್ಲರಿಗೂ ಗೊತ್ತು. ಮಗಳ ಕಾರ್ಡಿನಲ್ಲೂ ಇದೇ ಎರಡು ಪದ ಬರೆದಿದ್ದೇನೆ. ಬಾರ್ಬಾ, ಕೆಳಮನೆ.

ಅಕ್ಕ 1990ರ ಆಗಸ್ಟ್‌ನಲ್ಲಿ ಮುಳುಗಿ ಹೋದಳು. ದೋಣಿಗಳನ್ನು ಎಳೆದಿಡುವ ದೋಣಿಮನೆಯ ಕೆಳಗಿನ ಕೊಲ್ಲಿಯಲ್ಲಿ. ಹದಿನೇಳು. ಮೈ ಸಿಗಲಿಲ್ಲ.

1991ರ ಪಟ್ಟಿ ತೆರೆದೆ. ಕೊನೆಯ ಸಾಲು: ಬಾರ್ಬಾ, ಕೆಳಮನೆ, 200 ಮೀ. — ಸ್ಪರ್ಧೆಗೆ ಇಳಿಯಲಿಲ್ಲ.

1993. ಸ್ಪರ್ಧೆಗೆ ಇಳಿಯಲಿಲ್ಲ. 1995. 1997... 2007ರ ತನಕ ಒಂಬತ್ತು ಕೂಟ. ಒಂಬತ್ತು ಸಲ ನನ್ನ ಅಕ್ಕ ಸ್ಪರ್ಧೆಗೆ ಇಳಿದಿಲ್ಲ.

ಕಾಫಿ ಆರಿಹೋಯಿತು. ಇವತ್ತಿಗೆ ಸಾಕು.

ಮಾರ್ಚ್ 11

ಹಾನುಸಜ್ಜನ ಮನೆಗೆ ಹೋಗಿದ್ದೆ. ಮೊದಲಿನಿಂದಲೂ ಸಂಘದ ಕಾರ್ಯದರ್ಶಿ, ಈಗ ಎಂಬತ್ತಾರು. ಬಲೆ ಹೆಣೆಯುವ ಬೆರಳು ಇನ್ನೂ ಗಟ್ಟಿ.

'ನಾನೇ ಬರೀತಿದ್ದೆ ಸುನ್ವಾ. ಹಳೇ ಪಟ್ಟಿ ಮುಂದಿಟ್ಕೊಂಡು ಹೊಸದು ಮಾಡ್ತಿದ್ದೆ. ಬಿಟ್ಟೋರ ಹೆಸರು ಹೊಡೆದುಹಾಕೋದು, ಬಂದೋರದ್ದು ಸೇರಿಸೋದು. ನಿಮ್ಮಕ್ಕನ ಹೆಸರಿಗೆ ಬಂದ್ರೆ ಕೈ ಬರ್ತಿರಲಿಲ್ಲ.'

'ಸತ್ತವಳ ಹೆಸರು ಅಜ್ಜ.'

'ಸತ್ತಿದ್ದು ಯಾರು ನೋಡಿದ್ರು? ಮೈ ಸಿಗದೋರ ಹೆಸರನ್ನ ಈ ಊರಲ್ಲಿ ಯಾರೂ ಹೊಡೆದುಹಾಕಲ್ಲ. ಎಂ.ಎ. ಓದಿ ಅದನ್ನೂ ಮರೆತ್ಯಾ? ಮನೇಲಿ ಒಂದು ಮಗುಗೆ ಆ ಹೆಸರು ಇಟ್ಟಮೇಲೆ ಸರಿ. ನೀನು 2008ರಲ್ಲಿ ಇಟ್ಟೆ. ಅವತ್ತೇ ಹೊಡೆದುಹಾಕ್ದೆ. ಪೆನ್ಸಿಲ್ ಮುರೀತು, ನೆನಪಿದೆ.'

ಹಗುರಾದೆ. ಮುದುಕನ ಕನಿಕರ, ಅಷ್ಟೇ. ರೂಬಾರ್ಬ್ ಜಾಮ್ ಕೊಟ್ಟು ಕಳಿಸಿದ.

ಮಾರ್ಚ್ 22, ಶನಿವಾರ. ಸಂಜೆ ನಾಲ್ಕು

ಹನ್ನೊಂದು ದಿನ ಪಟ್ಟಿಗಳ ಪೆಟ್ಟಿಗೆ ಮುಟ್ಟಿರಲಿಲ್ಲ. ಇವತ್ತು 2009ರದು ತೆರೆದೆ.

ಅಚ್ಚಾದ ಪಟ್ಟಿ. ಕೊನೆಯ ಸಾಲು: ಬಾರ್ಬಾ, ಕೆಳಮನೆ, 200 ಮೀ. — ಮುಗಿಸಲಿಲ್ಲ. 25 ಮೀ.

ಆಗ ನನ್ನ ಮಗಳಿಗೆ ಒಂದು ವರ್ಷ.

2011: ಮುಗಿಸಲಿಲ್ಲ. 50 ಮೀ. 2013: 75. 2015: 100. 2017: 125. 2019: 150. ಮಧ್ಯೆ ಒಮ್ಮೆ ಕೂಟವೇ ನಡೆಯಲಿಲ್ಲ. 2023: 175.

ಯಾರೂ ಓದಿಲ್ಲ. ಸೋತವರ ಪಟ್ಟಿಯ ಕೊನೆಯ ಸಾಲನ್ನು ಯಾರು ಓದುತ್ತಾರೆ?

ನಮ್ಮೂರ ಕೊಳದ ಉದ್ದ ಇಪ್ಪತ್ತೈದು ಮೀಟರ್. ಒಂದು ಕೂಟಕ್ಕೆ ಒಂದು ಲ್ಯಾಪ್. ಇನ್ನು ಒಂದೇ ಉಳಿದಿದೆ. ಎಂಟನೆಯದು. ಈ ಜುಲೈ.

ಮಾರ್ಚ್ 23

ಹಾನುಸಜ್ಜನಿಗೆ ಪಟ್ಟಿ ತೋರಿಸಿದೆ. ಭೂತಗನ್ನಡಿ ಇಟ್ಟು ಏಳನ್ನೂ ಓದಿದ. ಕನ್ನಡಿ ಕೆಳಗಿಟ್ಟ.

'ಇದು ನಾನಲ್ಲ' ಎಂದ. ಜಾಮ್ ಕೊಡಲಿಲ್ಲ.

ಏಪ್ರಿಲ್ 25, ಶುಕ್ರವಾರ. ಬಾವುಟದ ದಿನ

ಊರೆಲ್ಲ ಬಾವುಟ. ಮಕ್ಕಳ ಮೆರವಣಿಗೆ, ಬ್ಯಾಂಡು, ಗಾಳಿಗೆ ಹಾರಿಹೋದ ಮೇಯರ್ ಟೋಪಿ. ಬಾರ್ಬಾ ಟೀಮಿನ ಜಾಕೆಟ್ ಹಾಕಿಕೊಂಡು ಮುಂದಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ.

ಒಂದು ತಿಂಗಳಿಂದ ಬರೆಯಬೇಕೆಂದು ಬರೆಯದೆ ಉಳಿದದ್ದು: ಅವಳ ಟವೆಲ್. ಕೊಳದಿಂದ ಬಂದ ಟವೆಲ್ ಕ್ಲೋರಿನ್ ವಾಸನೆ ಹೊಡೆಯಬೇಕು. ಇದು ಒಣಗಿದರೆ ಅಂಚಿನಲ್ಲಿ ಬಿಳಿಯ ಗೆರೆ. ನಾಲಿಗೆಗೆ ಇಟ್ಟು ನೋಡಿದೆ. ಉಪ್ಪು.

'ಕಡಲಿಗೆ ಇಳಿದಿದ್ಯಾ?'

'ಹುಚ್ಚಾ ಅಮ್ಮ? ಏಪ್ರಿಲ್‌ನಲ್ಲಿ?'

ಸುಳ್ಳು ಹೇಳುವ ಹುಡುಗಿಯಲ್ಲ.

ಮೇ 11, ಭಾನುವಾರ

ಕೂಟದ ಒಪ್ಪಿಗೆ ಪತ್ರ ಮೇಜಿನ ಮೇಲಿದೆ. ಹದಿನೆಂಟಾಗದವರಿಗೆ ತಂದೆ ಅಥವಾ ತಾಯಿಯ ಸಹಿ ಬೇಕು. ಅವಳ ಅಪ್ಪ ಟ್ರಾಲರ್‌ನಲ್ಲಿ, ಬ್ಯಾರೆಂಟ್ಸ್ ಕಡಲಲ್ಲಿ, ಜುಲೈ ಕೊನೆಗೆ ಬರುತ್ತಾರೆ. ಹಾಗಾಗಿ ನನ್ನದೇ ಸಹಿ.

ಮಾಡಿಲ್ಲ.

ಇವತ್ತು ಊಟದ ಮಧ್ಯೆ ಕೇಳಿದಳು — 'ಅಮ್ಮ, ಆ ಗಡಿಯಾರ ಎಲ್ಲಿ?'

'ಯಾವುದು?'

'ಸ್ಟಾಪ್‌ವಾಚ್. ಗುಂಡಗಿರೋದು, ಕೀಲಿ ಕೊಡೋದು. ನೀನು ಹಿಡ್ಕೊಂಡಿರ್ತಿದ್ಯಲ್ಲ.'

ಅವಳಿಗೆ ನಾನದನ್ನು ಎಂದೂ ತೋರಿಸಿಲ್ಲ. ಅಂಥದೊಂದು ಇದೆಯೆಂದು ಹೇಳಿಲ್ಲ. ಅವಳಿಗೇನು, ಯಾರಿಗೂ.

ಅದೇ ದಿನ. ಸಂಜೆ

ಬರೆದೇಬಿಡುತ್ತೇನೆ. ಮೂವತ್ತೈದು ವರ್ಷವಾಯಿತು.

ಅಕ್ಕ ಆವತ್ತು ಒಬ್ಬಳೇ ಹೋಗಿರಲಿಲ್ಲ. ನಾನಿದ್ದೆ. ಹದಿಮೂರು ನನಗೆ. ಕೊಲ್ಲಿಯಲ್ಲಿ ಎರಡು ಬಂಡೆ, ನಡುವೆ ಇಪ್ಪತ್ತೈದು ಮೀಟರ್, ಅವಳೇ ಹಗ್ಗ ಹಿಡಿದು ಅಳೆದದ್ದು. ಎಂಟು ಸಲ ದಾಟಿದರೆ ಇನ್ನೂರು. ಗಡಿಯಾರ ನನ್ನ ಕೈಗೆ ಕೊಟ್ಟಳು. 'ಎರಡು ಇಪ್ಪತ್ತರ ಒಳಗೆ ಬಂದ್ರೆ ಪದಕ ಗ್ಯಾರಂಟಿ ಸುನ್ವಾ. ನಾನು ಬಂಡೆ ಮುಟ್ಟೋ ತನಕ ಅಲ್ಲಾಡಬೇಡ. ಮುಟ್ಟಿದ ತಕ್ಷಣ ಟೈಮ್ ಹೇಳು.'

ಒತ್ತಿದೆ. ಚಳಿ ಇತ್ತು. ಮೇಲೆ ಮನೆಯಲ್ಲಿ ಅಮ್ಮ ಕೇಕು ಸುಡುತ್ತಿದ್ದ ವಾಸನೆ ಬರುತ್ತಿತ್ತು. ಇನ್ನೊಂದು ಸಲ ಈಜಿಸಿದರಾಯಿತು ಎಂದುಕೊಂಡು ಓಡಿದೆ. ಕೈಯಲ್ಲಿ ಗಡಿಯಾರ ಟಿಕಟಿಕ ಅನ್ನುತ್ತಲೇ ಇತ್ತು. ಕೇಕು ತಿಂದು ಬಂದಾಗ ನೀರು ನುಣ್ಣಗಿತ್ತು.

ಎಷ್ಟು ಲ್ಯಾಪ್ ಆಗಿತ್ತೋ. ನೋಡಿಲ್ಲ. ನಾನು ಜೊತೆಗಿದ್ದೆ ಎಂದು ಯಾರಿಗೂ ಹೇಳಲಿಲ್ಲ. ಗಡಿಯಾರವನ್ನು ಉಣ್ಣೆಯ ಪೆಟ್ಟಿಗೆಯ ತಳದಲ್ಲಿಟ್ಟೆ. ಅಲ್ಲೇ ಓಡಿ ಓಡಿ ತಾನಾಗಿ ನಿಂತಿತು.

ಮಗಳಿಗೆ ಆ ಹೆಸರಿಟ್ಟಾಗ ಊರವರು, ಒಳ್ಳೆ ತಂಗಿ, ಎಂದರು.

ಜೂನ್ 1, ಭಾನುವಾರ

ಚರ್ಚಿನ ಹೊರಗೆ ಹಾನುಸಜ್ಜ. ಕೋಲೂರಿ ನಿಲ್ಲಿಸಿದ. ನನ್ನನ್ನು ತಪ್ಪಿಸಿಕೊಂಡು ಓಡಾಡುತ್ತಿದ್ದವನು ಇವತ್ತು ತಾನೇ ಬಂದ.

'ನಿಮ್ಮಜ್ಜಿ ಒಂದು ಮಾತು ಹೇಳೋಳಲ್ಲ, ಕಡಲು ಹೆಸರು ಕೊಡೋದು...'

'ಅರ್ಧ ಮರೆತಿದ್ದೀನಿ ಅಜ್ಜ.'

'ಮೊದಲು ಹೆಸರು, ಆಮೇಲೆ ಆಳು.'

ಗಾಳಿಗೆ ಅವನ ಕಣ್ಣಲ್ಲಿ ನೀರು. ಗಾಳಿಗೇ ಇರಬೇಕು.

'ಹಾಗಂದ್ರೆ?'

'ನಂಗೇನು ಗೊತ್ತು. ನಾನು ಪಟ್ಟಿ ಬರೆಯೋನು.'

ಹಾಗಂದರೆ, ಹೆಸರು ಮನೆ ಸೇರಿದ ಮೇಲೆ ಮುಳುಗಿದ ಆಳೂ ಕಡಲಿನಿಂದ ಹೊರಡುತ್ತದೆ. ಒಂದೊಂದೇ ಲ್ಯಾಪ್. ಎಂಟನೆಯದು ಮುಟ್ಟಿದರೆ? ಆ ಹೆಸರಿನಲ್ಲಿ ಈಗ ನನ್ನ ಮಗಳಿದ್ದಾಳೆ. ಹೆಸರಿನವಳು ಬಂದು ತನ್ನ ಜಾಗ ಕೇಳಿದರೆ ಇವಳು ಎಲ್ಲಿ ನಿಲ್ಲಬೇಕು?

ಸಹಿ ಮಾಡುವುದಿಲ್ಲ.

ಜೂನ್ 8

ಮಗಳಿಗೆ ಹದಿನೇಳು ತುಂಬಿತು. ಅದೇ ದಿನ ಜಗಳ.

'ನೂರು ಮೀಟರ್ ಈಜು. ಇನ್ನೂರು ಬೇಡ.'

'ಯಾಕೆ?'

ಪಟ್ಟಿಗಳನ್ನು ಮುಂದೆ ಹರಡಿದೆ. ಬೆರಳಿಟ್ಟು ಒಂದೊಂದಾಗಿ ಓದಿದಳು. ಹೆದರುತ್ತಾಳೆ ಎಂದುಕೊಂಡಿದ್ದೆ.

'ದೊಡ್ಡಮ್ಮ ಎಷ್ಟು ಸ್ಲೋ! ಹದಿನಾರು ವರ್ಷಕ್ಕೆ ಏಳು ಲ್ಯಾಪಾ?'

'ಬಾರ್ಬಾ!'

'ಕೇಳಿಲ್ಲಿ ಅಮ್ಮ. ಪಕ್ಕದ ಲೇನಲ್ಲಿ ಈಜಿದ್ರೆ ಈಜಲಿ ಬಿಡು. ನಂಗೆ ಭಯ ಇಲ್ಲ. ಅವಳಿಗೆ ನಾನು ಬೇಕಾಗಿಲ್ಲ ಅನ್ಸುತ್ತೆ. ಕನಸಲ್ಲಿ ಬಂದಾಗೆಲ್ಲ ನಿನ್ನನ್ನೇ ಹುಡುಕ್ತಿರ್ತಾಳೆ. ಬಂಡೆ ಮೇಲೆ.' ಪಟ್ಟಿಗಳನ್ನು ನನ್ನತ್ತ ತಳ್ಳಿ, 'ಇನ್ನೊಂದು. ಈ ಹೆಸರು ನಂದು. ಹದಿನೇಳು ವರ್ಷ ನಾನೇ ಇಟ್ಕೊಂಡಿದ್ದೀನಿ. ಯಾರು ಕೇಳಿದ್ರೂ ಕೊಡಲ್ಲ.'

ಎದ್ದು ಹೋದಳು. ಕೇಕು ಹಾಗೇ ಉಳಿಯಿತು.

ಜೂನ್ 9

ನಿದ್ದೆಯಿಲ್ಲ. ಬೇಸಿಗೆಯ ರಾತ್ರಿ, ಬೆಳಕೂ ಹೋಗದು ಈಗ. ಅವಳು ಹೇಳಿದ್ದೇ ಸರಿ ಇರಬೇಕು. ಅಕ್ಕ ಬಂಡೆಯತ್ತ ಬರುತ್ತಿದ್ದಾಳೆ. ಬಂಡೆಯ ಮೇಲೆ ನಿಲ್ಲಬೇಕಾದವಳು ಬಾರ್ಬಾ ಅಲ್ಲ.

ಸಹಿ ಮಾಡಿದೆ. ನನ್ನ ಹೆಸರೇ ನನ್ನದಲ್ಲದಂತೆ ಕಾಣುತ್ತದೆ.

ಜುಲೈ 10

ಫೆರ್ರಿ ಕಟ್ಟೆಯಲ್ಲಿ ಬೀಳ್ಕೊಟ್ಟೆ. ಜೊತೆಗೆ ಬರುತ್ತೇನೆಂದೆ. 'ನೀನು ಗ್ಯಾಲರೀಲಿ ಕೂತು ಉಗುರು ಕಚ್ಚೋದು ನೋಡಿದ್ರೆ ನಾನು ಮುಳುಗೇ ಹೋಗ್ತೀನಿ' ಎಂದಳು. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಬಿಗಿಯಾಗಿ ತಬ್ಬಿದಳು. ಕೂದಲಲ್ಲಿ ಉಪ್ಪಿನ ವಾಸನೆ.

ಉಣ್ಣೆಯ ಪೆಟ್ಟಿಗೆ ತೆಗೆದೆ. ಗಡಿಯಾರಕ್ಕೆ ಕೀಲಿ ಕೊಟ್ಟೆ. ಓಡುತ್ತದೆ.

ಜುಲೈ 15, ಮಂಗಳವಾರ. ಸಂಜೆ ಏಳು

ಐದೂ ನಲವತ್ತಕ್ಕೆ ಅವಳ ಸ್ಪರ್ಧೆ. ಐದೂವರೆಗೇ ಕೊಲ್ಲಿಗೆ ಇಳಿದೆ. ಅಕ್ಕ ಹೋದ ದಿನದಿಂದ ಒಮ್ಮೆಯೂ ಕಾಲಿಟ್ಟಿರದ ಜಾಗ. ಬಂಡೆ ನೆನಪಿಗಿಂತ ಚಿಕ್ಕದು. ಗಾಳಿ ಇಲ್ಲ. ನೀರು ಎಣ್ಣೆಯಂತೆ. ಹಕ್ಕಿಗಳೂ ಇಲ್ಲ — ಈ ತಿಂಗಳಲ್ಲಿ ಹಕ್ಕಿಗಳಿಲ್ಲದ ಬಂಡೆಯನ್ನು ನಾನು ಕಂಡಿಲ್ಲ.

ನಲವತ್ತಕ್ಕೆ ಸರಿಯಾಗಿ ಒತ್ತಿದೆ.

ನೀರಿನ ಮೇಲೆ ಒಂದು ನೆರಿಗೆ ಎದ್ದಿತು. ಆಚೆಯ ಬಂಡೆಗೆ ಹೋಯಿತು. ತಿರುಗಿ ಬಂತು. ಮೈ ಕಾಣಲಿಲ್ಲ, ಕೈ ಕಾಣಲಿಲ್ಲ. ಒಂದು ಗೆರೆ, ಅಷ್ಟೇ. ಎರಡು. ಮೂರು. ನಾಲ್ಕು. ಎಣಿಸುತ್ತಿದ್ದೆ, ಜೋರಾಗಿ. ಐದನೆಯದಕ್ಕೆ ಮೇಲಿನಿಂದ ವಾಸನೆ ಬಂತು. ಕೇಕಿನದು. ಮನೆಯಲ್ಲಿ ಯಾರೂ ಇಲ್ಲ. ಕಾಲು ತಾನಾಗಿ ಎತ್ತಿತು. ಬಂಡೆಯ ಪಾಚಿಗೆ ಹಿಮ್ಮಡಿ ಒತ್ತಿ ನಿಂತೆ. ಆರು. ಏಳು. ಎಂಟನೆಯ ಗೆರೆ ನನ್ನ ಕಡೆಗೇ ಬಂದು ಕಾಲ ಬುಡದಲ್ಲಿ ಬಂಡೆಗೆ ಬಡಿಯಿತು. ಅಂಗೈ ಬಡಿದ ಸದ್ದು.

ಒತ್ತಿದೆ.

ಎರಡು ನಿಮಿಷ ಹತ್ತೊಂಬತ್ತು.

ಬಾಯಿ ತೆರೆದೆ. ಟೈಮ್ ಹೇಳಬೇಕಿತ್ತು. ದನಿ ಹೊರಡಲಿಲ್ಲ. ಮತ್ತೆ ಓಡಿಬಂದೆ. ನಲವತ್ತೆಂಟರ ಹೆಂಗಸು, ಹದಿಮೂರರವಳ ಹಾಗೆ.

ಆರೂ ಕಾಲಿಗೆ ಫೋನ್. ಬಾರ್ಬಾ. ಅವಳದೇ ದನಿ, ಅವಳದೇ ಏದುಸಿರು, ಹಿಂದೆ ಕೋಚ್ ನಗು.

'ನಾಲ್ಕನೆಯವಳು ಅಮ್ಮ! ಎರಡು ಹನ್ನೊಂದು! ಪದಕ ಒಂದು ಉಗುರಷ್ಟರಲ್ಲಿ ಹೋಯ್ತು!'

'ನೀನು ಸರಿಯಾಗಿದ್ದೀಯಾ?'

'ಸರಿಯಾಗಿಲ್ದೆ ಏನು? ಅಳ್ತಿದ್ದೀಯಾ? ಅಯ್ಯೋ ಅಮ್ಮ... ಒಂದು ವಿಷಯ ಗೊತ್ತಾ? ಪಕ್ಕದ ಲೇನ್ ಖಾಲಿ ಇತ್ತು. ಆದ್ರೂ ಅಲ್ಲಿಂದ ಅಲೆ ಬರ್ತಾನೇ ಇತ್ತು. ಕೊನೇ ಲ್ಯಾಪಲ್ಲಿ ನಿಂತುಹೋಯ್ತು. ಅವಳು ಬೇರೆ ಕಡೆ ತಿರುಗಿಕೊಂಡಳು ಅನ್ನಿಸ್ತು.'

ಫಲಿತಾಂಶ ಕಂಪ್ಯೂಟರಿನಲ್ಲಿ ನೋಡಿದೆ. ಪಟ್ಟಿಯ ಕೊನೆಯ ಸಾಲಿನ ತನಕ, ಮೂರು ಸಲ. ಒಬ್ಬಳೇ ಬಾರ್ಬಾ. ನನ್ನವಳು. ಕಾರ್ಡು ತೆಗೆದು ತುಂಬಿದೆ: 2025, ನಾಲ್ಕನೆಯ ಸ್ಥಾನ. ಎಷ್ಟೋ ತಿಂಗಳ ಮೇಲೆ ಹಸಿವಾಯಿತು. ಆಲೂಗಡ್ಡೆ ಬೇಯಲಿಟ್ಟೆ.

ಆಗ ಬಾಗಿಲು ಬಡಿದರು. ಪಕ್ಕದ ಮನೆಯ ಬಿಲ್ಲಕ್ಕ. ಉತ್ತರದ ದ್ವೀಪದಿಂದ ಬಂದು ಆರು ವರ್ಷವಾಯಿತು, ಅಷ್ಟೇ. ಅಕ್ಕನ ಫೋಟೋ ಕೂಡ ನೋಡಿದವಳಲ್ಲ. ಕಣ್ಣು ಚೆನ್ನಾಗಿದೆ, ಕಟ್ಟುಕಥೆ ಹೇಳುವ ಚಾಳಿಯಿಲ್ಲ. ಗಡಿಯಾರ ತೆಗೆದುಕೊಳ್ಳಲು ಒಳಗೆ ಬಂದಿದ್ದೇನೆ. ಇಳಿದು ಹೋಗುವ ಮೊದಲು ಬರೆದಿಡುತ್ತೇನೆ, ಅವಳು ಬಾಗಿಲಲ್ಲಿ ನಿಂತು ಹೇಳಿದ್ದು —

'ಸುನ್ವಾ, ದೋಣಿಮನೆ ಹತ್ರ ಒಂದು ಹುಡುಗಿ ನಿಂತಿದೆ ಕಣೇ. ನಿಮ್ಮ ಬಾರ್ಬಾನ ಹಾಗೇ ಇದಾಳೆ, ಆದ್ರೆ ಅವಳಲ್ಲ. ಮೈಯೆಲ್ಲ ತೊಟ್ಟಿಕ್ತಾ ಇದೆ. ಮೇಲೆ ಬಾ ಮಗು, ಬೆಚ್ಚಗೆ ಕೂತ್ಕೋ ಅಂದೆ. ಬರಲ್ಲ ಅಂತಾಳೆ. ಟೈಮ್ ಎಷ್ಟಾಯ್ತು ಅಂತ ನಿನ್ನ ಕೇಳ್ಕೊಂಡು ಬಾ ಅಂದ್ಳು...'