ಮಾಡದಲ್ಲಿಟ್ಟ ಕಾರ್ಡು

೧೪ ಅಕ್ಟೋಬರ್, ಮಂಗಳವಾರ. ಹಿರೇಕೆರೂರು.

ನನ್ನ ಬಾಯಿಗೆ ಬುದ್ಧಿ ಯಾವಾಗ ಬರುತ್ತದೋ. ಬಸಿರು ತಡೆಯುವ ಗುಳಿಗೆ ಕೇಳಿ ಆಸ್ಪತ್ರೆಗೆ ಬರುವವರಿಗೆಲ್ಲ ನರ್ಸಾಗಿ ಹನ್ನೆರಡು ವರ್ಷಗಳಿಂದ ಹೇಳುತ್ತ ಬಂದದ್ದನ್ನೇ ಇವತ್ತು ಶೇಖವ್ವನಿಗೂ ಹೇಳಿಬಿಟ್ಟೆ: "ಗ್ವಾಡ್ಯಾಗಿನ ದೇವರ ಮಾಡದಾಗ ಇಡವ್ವ. ದಿನಾ ದೀಪಾ ಹಚ್ಚೂಮುಂದ ನೆನಪಾಗ್ತೈತಿ."

ಇಪ್ಪತ್ತರ ಹುಡುಗಿ, ಗಂಡನ ಜೊತೆ ಬಸ್ ಸ್ಟ್ಯಾಂಡಿನಲ್ಲೇ ಮಲಗುತ್ತಾಳೆ. ಸಿಟ್ಟಾಗಲಿಲ್ಲ, ನಕ್ಕಳು. "ಮಾಡಕ್ಕ ಮೊದಲ ಗ್ವಾಡಿ ಬೇಕಲ್ರಿ ಅಕ್ಕಾರ. ಹೋದ ತಿಂಗಳ ಚೀಲಾನ ಕಳುವಾತು, ಗುಳಿಗಿನೂ ಅದರಾಗ ಹೋದ್ವು."

ನಾಚಿಕೆಯಾಯಿತು. ಕುರ್ಚಿ ಬಿಟ್ಟು ಅವಳ ಬೆಂಚಿಗೇ ಹೋಗಿ ಕುಳಿತು, ಉಳಿದ ದಾರಿಗಳನ್ನೆಲ್ಲ ಮೊದಲಿನಿಂದ ಹೇಳಿದೆ. ಒಂದೊಂದನ್ನೂ ಬೆರಳು ಮಡಚಿ ಎಣಿಸಿಕೊಂಡಳು.

"ಮೂರು ತಿಂಗಳಿಗೊಮ್ಮೆ ಸೂಜಿ ಅಂದ್ರಲ್ಲ, ಅದನ್ನ ಯಾರೂ ಕದಿಯಾಕ ಆಗೂದಿಲ್ಲಲ್ರಿ?"

"ಇಲ್ಲವ್ವ."

"ಹಂಗಾರ ಅದನ್ನ ಹಾಕ್ರಿ. ಕೂಸು ಬೇಕ್ರಿ ನನಗ, ಮನಿ ಆದಮ್ಯಾಲ."

ಡಾಕ್ಟರು ನೋಡಿ ಒಪ್ಪಿದರು, ಹಾಕಿಸಿಕೊಂಡಳು. ಮುಂದಿನ ತಾರೀಖಿನ ಕಾರ್ಡು ಕೊಟ್ಟರೆ ತಿರುಗಿ ನನ್ನ ಕೈಯಲ್ಲೇ ಇಟ್ಟಳು. "ನಿಮ್ಮ ಮಾಡದಾಗ ಇಡ್ರಿ."

ಇಟ್ಟಿದ್ದೇನೆ. ಸಂಜೆ ದೀಪ ಹಚ್ಚುವಾಗ ಕಂಡಿತು. ಕೈ ಮುಗಿಯುವ ಮೊದಲು ತಾರೀಖು ಓದಿಕೊಂಡೆ. ಜನವರಿ ಹದಿಮೂರು. ಅಷ್ಟರಲ್ಲಿ ಅವಳಿಗೊಂದು ಗೋಡೆ ಸಿಗಲಿ, ಈ ಕಾರ್ಡು ಅವಳ ಮಾಡಕ್ಕೇ ಹೋಗಲಿ ಎಂದು ಆಮೇಲೆ ಕೈ ಮುಗಿದೆ.