ಎಡಕ್ಕೆ ವಾಲಿದ ದನಿ

ಬಾಂಡುಂಗ್
೧೪ ಸೆಪ್ಟೆಂಬರ್ ೨೦೧೯

ಪ್ರೀತಿಯ ಯಾಯತ್,

ಅಸ್ಸಲಾಮು ಅಲೈಕುಂ. ಗಾರುತ್‌ನಲ್ಲಿ ನೀನೂ ನಿನ್ನ ಅಮ್ಮನೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಎರಡು ವರ್ಷ ಬಿಟ್ಟು ಬರೆಯುತ್ತಿದ್ದೇನೆ, ಅದೂ ಕೋಳಿ ಕೆದಕಿದಂಥ ಅಕ್ಷರದಲ್ಲಿ. ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಎತ್ತದಿರುವುದು ಸರಿಯೇ. ಆದರೆ ಅಂಚೆಯವನು ಕೈಗಿಟ್ಟ ಕಾಗದವನ್ನು ಓದದೆ ಹರಿದುಹಾಕುವ ಮನುಷ್ಯ ನೀನಲ್ಲ, ಆ ಧೈರ್ಯದಿಂದ ಬರೆಯಲು ಕೂತಿದ್ದೇನೆ. ತಡವಾದದ್ದಕ್ಕೆ ಕ್ಷಮಿಸು. ಅದಕ್ಕಿಂತ ದೊಡ್ಡ ತಪ್ಪಿದೆ, ಅದಕ್ಕೂ ಬರುತ್ತೇನೆ.

ಹಿಂದಿನ ಕೋಣೆಯ ನಮ್ಮ ಸ್ಟುಡಿಯೋ ಹೇಗೋ ನಡೆಯುತ್ತಿದೆ. ಮದುವೆ ಮನೆಯ ಹಾಡಿನವರು, ಶಾಲೆಯ ಮಕ್ಕಳು ಬರುತ್ತಾರೆ. ಕಚಾಪಿ ನುಡಿಸುವವರು ಯಾರಾದರೂ ಬಂದರೆ ನಿನ್ನ ಜಾಗದಲ್ಲೇ ಚಾಪೆ ಹಾಸಿ ಕೂರಿಸುತ್ತೇನೆ, ಅವರು ತಂತಿ ಶ್ರುತಿ ಮಾಡುವ ರೀತಿ ಕಂಡು ಒಳಗೊಳಗೇ ಬೈದುಕೊಳ್ಳುತ್ತೇನೆ.

ಈ ವರ್ಷ ನಾನೇ ಕೈಯಾರೆ ಒಂದು ಮಾನಿಟರ್ ಕಂಟ್ರೋಲರ್ ಮಾಡಿದೆ. ಕೊಳ್ಳೋಣ ಕೊಳ್ಳೋಣ ಅಂತ ನಾವಿಬ್ಬರೂ ವರ್ಷಗಟ್ಟಲೆ ಹೇಳಿಕೊಂಡು ಕೊಳ್ಳದೇ ಉಳಿದದ್ದು. ಕಂಪ್ಯೂಟರಿಗೂ ಸ್ಪೀಕರುಗಳಿಗೂ ನಡುವೆ ಕೂರುವ ಪುಟ್ಟ ಪೆಟ್ಟಿಗೆ: ಸದ್ದು ಏರಿಸಿ ಇಳಿಸಲು ಒಂದು ಗುಂಡಿ, ದೊಡ್ಡ ಸ್ಪೀಕರೋ ಸಣ್ಣದೋ ಎಂದು ಆರಿಸಲು ಒಂದು ಸ್ವಿಚ್ಚು, ಎಡಬಲ ಎರಡನ್ನೂ ಕೂಡಿಸಿ ಒಂದು ಮಾಡಲು ಇನ್ನೊಂದು. ಯಾಕೆ ಮಾಡಿದೆ ಗೊತ್ತೇ? ನಿನ್ನನ್ನು ಸೋಲಿಸಲು.

ನಿನ್ನ ಇಮಾಸ್ ತೀರಿಕೊಂಡ ಎರಡನೆಯ ತಿಂಗಳು ನೀನು ಅವಳ ಕೊನೆಯ ಹಾಡುಗಳ ಮಿಕ್ಸಿಂಗ್ ಮುಗಿಸಿದ್ದೆ. “ತೆತೆಹ್, ಅವಳ ದನಿ ಸರಿಯಾಗಿ ಮಧ್ಯದಲ್ಲಿ ನಿಂತಿದೆ. ಇನ್ನು ಮುಟ್ಟಬೇಡಿ,” ಅಂದೆ ನೀನು ಈ ಅಕ್ಕನಿಗೆ. ಬಲಕ್ಕೆ ವಾಲಿದೆ ಅಂದೆ ನಾನು. ನೀನು ಇಲ್ಲ ಅಂದೆ. ಕೊಳಲಿನವರೆಲ್ಲ ಕೂತಿದ್ದಾಗಲೇ ನನ್ನ ಬಾಯಿಂದ ಆ ಮಾತು ಬಂತು: “ಹೆಂಡ್ತಿ ಹೋದ್ಮೇಲೆ ನಿನ್ ಕಿವಿನೂ ಅವಳ ಜೊತೆ ಹೋಗಿದೆ ಕಣೋ.” ನೀನು ಕಚಾಪಿಯನ್ನು ಬಟ್ಟೆಯಲ್ಲಿ ಸುತ್ತಿದೆ. ಗಂಟೂ ಹಾಕದೆ ಹಾಗೇ ಎದೆಗವಚಿಕೊಂಡು ಹೊರಟುಹೋದೆ.

ಮರುದಿನವೇ ನಾನು ಎಡಗಡೆಯನ್ನು ಏರಿಸಿ ಆಲ್ಬಮ್ ಹೊರಗೆ ಬಿಟ್ಟೆ. ಆಮೇಲೆ ಯಾರು ಹಾಡಿದರೂ ನನಗೆ ಬಲಕ್ಕೇ ವಾಲತೊಡಗಿತು. ಸ್ಪೀಕರಿನ ಗುಂಡಿಗಳದೇ ತಪ್ಪು ಎಂದುಕೊಂಡೆ. ತಪ್ಪಿಲ್ಲದ ಪೆಟ್ಟಿಗೆಯೊಂದನ್ನು ಮಾಡಿ, ಅದರಲ್ಲಿ ನಿನ್ನ ಮಿಕ್ಸ್ ಕೇಳಿ, ವಾಲಿದ್ದನ್ನು ರುಜುವಾತು ಮಾಡಿ ನಿನಗೆ ಬರೆಯಬೇಕೆಂಬ ಹಟ ಹಿಡಿಯಿತು.

ಪಕ್ಕದ ಓಣಿಯ ರೇಡಿಯೋ ರಿಪೇರಿಯ ಚಿಕ್ಕಪ್ಪ, ಮಾಂಗ್ ಓಮಾನ್ ಅವರಿಗೆ ಗಂಟುಬಿದ್ದೆ. ಸಾಮಾನ್ಯ ಗುಂಡಿ ಸದ್ದನ್ನು ತೀರಾ ಇಳಿಸಿದಾಗ ಎಡಬಲಕ್ಕೆ ಸಮ ಹಂಚುವುದಿಲ್ಲವಂತೆ. ಅದಕ್ಕೇ ಇಪ್ಪತ್ತನಾಲ್ಕು ಮೆಟ್ಟಿಲಿನ ತಿರುಗುವ ಸ್ವಿಚ್ಚು ತಂದೆವು. ಒಂದೊಂದು ಮೆಟ್ಟಿಲಿಗೂ ಎಡಕ್ಕೊಂದು ಬಲಕ್ಕೊಂದು ರೆಸಿಸ್ಟರು, ಮೀಟರಿನಲ್ಲಿ ಅಳೆದು ಜೋಡಿ ಮಾಡಬೇಕು. ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಮೂರು ವಾರ ಆರಿಸಿದೆ.

“ನೆಂಗ್, ಮಗಳೇ, ಗಂಡನ್ನ ಆರಿಸೋವಾಗ್ಲೂ ಇಷ್ಟು ನೋಡಿರ್ಲಿಲ್ವಲ್ಲೇ ನೀನು!” ಅಂದರು ಮಾಂಗ್.

“ನೋಡಿದ್ದಿದ್ರೆ ಅವನು ಓಡಿಹೋಗ್ತಿದ್ನಾ ಮಾಂಗ್?” ಅಂದೆ. ಇಬ್ಬರೂ ನಕ್ಕೆವು.

ಲೆಬರಾನ್ ಹಬ್ಬದ ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ಎಲ್ಲವನ್ನೂ ಕೂರಿಸಿದೆ. ಬೆಸುಗೆ ಹಾಕುವಾಗ ಮೇಜಿನ ಬಟ್ಟೆ ಸುಟ್ಟೆ, ಹೆಬ್ಬೆರಳೂ ಸುಟ್ಟುಕೊಂಡೆ. ಮೊದಲ ಸಲ ಜೋಡಿಸಿದಾಗ ಜೇನುಗೂಡಿನಂತೆ ಗುಂಯ್‌ಗುಟ್ಟಿತು. ಡಬ್ಬಕ್ಕೆ ಅರ್ತ್ ತಂತಿ ಕೊಡುವುದನ್ನೇ ಮರೆತಿದ್ದೆ. ಕೊಟ್ಟ ಮೇಲೆ ಎಷ್ಟು ನಿಶ್ಶಬ್ದವಾಯಿತೆಂದರೆ, ನೀನಿದ್ದಿದ್ದರೆ ಕುಣಿದುಬಿಡುತ್ತಿದ್ದೆ.

ಶುಕ್ರವಾರದ ನಮಾಜು ಮುಗಿಸಿ ಮಾಂಗ್ ಬಂದರು. ನಿನ್ನ ಮಿಕ್ಸ್ ಹಾಕಿದೆ. ಎಡಬಲ ಕೂಡಿಸುವ ಸ್ವಿಚ್ಚು ಒತ್ತಿದೆ. ಈಗ ಎರಡು ಸ್ಪೀಕರಿನಿಂದಲೂ ಬರುವುದು ಒಂದೇ ಸದ್ದು, ಇಮಾಸ್ ನಟ್ಟನಡುವೆ ನಿಲ್ಲಲೇಬೇಕು. ನಿಲ್ಲಲಿಲ್ಲ. ಬಲಕ್ಕೆ, ಕಿಟಕಿಯ ಕಡೆಗೆ ಹೋಗಿಬಿಟ್ಟಳು.

“ಈಗ್ಲೂ ವಾಲ್ತಿದೆ ಮಾಂಗ್!”

ಅವರು ಮೀಟರು ಹಿಡಿದು ಎರಡೆರಡು ಸಲ ನೋಡಿದರು. “ಎರಡೂ ಕಡೆ ಒಂದೇ ಇದೆ ನೆಂಗ್. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ.” ಆಮೇಲೆ ಮೀಟರು ಕೆಳಗಿಟ್ಟು, “ಕುರ್ಚಿ ತಿರುಗಿಸ್ಕೊಂಡು ಹಿಂದಿನ ಗೋಡೆ ಕಡೆ ಮುಖ ಮಾಡಿ ಕೂತ್ಕೊ,” ಅಂದರು.

ಕೂತೆ. ಇಮಾಸ್ ಕಿಟಕಿಯಿಂದೆದ್ದು ಬಾಗಿಲ ಕಡೆಗೆ ಬಂದಳು. ಮತ್ತೆ ನನ್ನ ಬಲಕ್ಕೇ.

“ಸ್ಪೀಕರ್‌ಗಳು ಇದ್ದಲ್ಲೇ ಇವೆ ಮಗಳೇ,” ಅಂದರು ಮಾಂಗ್. ಅಷ್ಟು ಹೇಳಿ, ನನ್ನ ಮುಖ ನೋಡಲಾಗದೆ ತಮ್ಮ ಸಾಮಾನು ಚೀಲಕ್ಕೆ ತುಂಬತೊಡಗಿದರು.

ಡಾಕ್ಟರು ಕಿವಿಗೆ ಏನೇನೋ ಇಟ್ಟು ಪರೀಕ್ಷೆ ಮಾಡಿದರು. “ಎಡಗಿವಿ ನರ ಐದಾರು ವರ್ಷದಿಂದ ಸಾಯ್ತಾ ಬಂದಿದೆಯಮ್ಮ. ಮೆಲುದನಿ ಅದಕ್ಕೆ ಕೇಳೋದೇ ಇಲ್ಲ. ನಿಮಗೆ ಗೊತ್ತಾಗ್ಲಿಲ್ವಾ?”

“ಗೊತ್ತಾಗ್ತಿತ್ತು ಡಾಕ್ಟ್ರೇ. ಬೇರೆಯವರ ತಪ್ಪು ಅಂದ್ಕೊಂಡಿದ್ದೆ,” ಅಂದೆ.

ಅದು ಮರಳಿ ಬರುವುದಿಲ್ಲವಂತೆ. ಬಲಗಿವಿಯನ್ನು ಕಾಪಾಡಿಕೊಳ್ಳಿ ಅಂದಿದ್ದಾರೆ.

ಯಾಯತ್, ನಿನ್ನ ಕಿವಿ ಚೆನ್ನಾಗಿತ್ತು. ನೀನು ಅವಳನ್ನು ಸರಿಯಾದ ಜಾಗದಲ್ಲೇ ನಿಲ್ಲಿಸಿದ್ದೆ. ಹೆಂಡತಿಯನ್ನು ಮಣ್ಣು ಮಾಡಿ ಬಂದು, ಅವಳ ದನಿಯನ್ನು ದಿನವೂ ಎದುರಿಗಿಟ್ಟುಕೊಂಡು ಎಳೆ ಎಳೆಯಾಗಿ ತಿದ್ದಿದವನಿಗೆ ನಾಲ್ಕು ಜನರ ಮುಂದೆ ಅಂಥ ಮಾತಾಡಿದೆ. ಎರಡು ವರ್ಷದಿಂದ ಜನ ಕೇಳುತ್ತಿರುವ ಇಮಾಸ್ ಎಡಕ್ಕೆ ವಾಲಿಕೊಂಡಿದ್ದಾಳೆ, ನನ್ನಿಂದ. ಆಲ್ಬಮನ್ನು ಹಿಂತೆಗೆದುಕೊಂಡಿದ್ದೇನೆ. ನಿನ್ನ ಮಿಕ್ಸ್, ಮೂಲ ಟ್ರ್ಯಾಕುಗಳು ಎಲ್ಲ ಇರುವ ಡಿಸ್ಕನ್ನು ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಪೆಟ್ಟಿಗೆಯೂ ಬರುತ್ತಿದೆ, ಅದರ ಮೇಲೆ ಭಾರ ಇಡಬೇಡ. ಆಲ್ಬಮ್ ಬಿಡುವುದೂ ಬಿಡದಿರುವುದೂ ನಿನ್ನಿಷ್ಟ. ನನ್ನನ್ನು ಕ್ಷಮಿಸುವುದೂ ಅಷ್ಟೇ.

ಅಮ್ಮನ ಮಂಡಿನೋವಿಗೆ ಶುಂಠಿ ಎಣ್ಣೆ ಹಚ್ಚು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಅಲ್ಲಾಹನು ನಿನ್ನ ಬೆರಳುಗಳನ್ನೂ ಕಿವಿಗಳನ್ನೂ ಮುಪ್ಪಿನವರೆಗೆ ಕಾಯಲಿ.

ನಿನ್ನ ತೆತೆಹ್,
ಕೊಕೊಮ್

ತಾ.ಕ. ‘ಎಲ್ಲ’ ಅಂತ ಬರೆದದ್ದು ಸುಳ್ಳು. ಕೊನೆಯ ಹಾಡಿನಲ್ಲಿ ಎಂಟು ಟ್ರ್ಯಾಕು ಇರಬೇಕು, ನಿನಗೆ ಏಳೇ ಸಿಗುತ್ತವೆ. ಅದನ್ನು ರೆಕಾರ್ಡ್ ಮಾಡಿದ ದಿನ ಹಾಡು ಮುಗಿದ ಮೇಲೆ ನೀನು ಬಾಲಾ-ಬಾಲಾ ಕರಿಯುವವಳ ಗಾಡಿಗೆ ತಿಂಡಿ ತರಲು ಹೋಗಿದ್ದೆ. ನಾನು ಮುಖ್ಯ ಮೈಕು ಮುಚ್ಚಿದ್ದೆ. ಬದಿಯ ಮೈಕು ಇನ್ನೂ ತೆರೆದೇ ಇತ್ತು. ಗಾಜಿನಾಚೆ ಇಮಾಸ್ ಅದರತ್ತ ಬಗ್ಗಿ ಏನೋ ಹೇಳಿದಳು. ತುಂಬ ಹೊತ್ತು ಹೇಳಿದಳು, ಒಂದೆರಡು ಸಲ ಕಣ್ಣೊರೆಸಿಕೊಂಡಳು. ಏನೆಂದು ಕೇಳಿದರೆ, “ಅವರಿಗೇ ಕೇಳಿಸಿ ತೆತೆಹ್, ಆಮೇಲೆ,” ಅಂದಳು. ಮಿಕ್ಸ್ ಮಾಡುವಾಗ ನೀನು ಹಾಡು ಮುಗಿದಲ್ಲಿಗೇ ನಿಲ್ಲಿಸುತ್ತಿದ್ದೆಯಲ್ಲ, ನಿನ್ನ ಕಿವಿಗೂ ಅದು ಬಿದ್ದಿರಲಿಲ್ಲ. ನೀನು ಹೋದಮೇಲೆ ಆಲ್ಬಮ್ ಮುಗಿಸುವಾಗ ಆ ಟ್ರ್ಯಾಕನ್ನು ಹೆಡ್‌ಫೋನಿನಲ್ಲಿ ಹಾಕಿದೆ. ಬದಿಯ ಮೈಕು ಬರುತ್ತಿದ್ದುದು ಎಡಗಡೆ ಮಾತ್ರ. ಏನೂ ಕೇಳಿಸಲಿಲ್ಲ. ಪಾಪ, ಮೈಕು ಹಿಡಿದೇ ಇಲ್ಲ ಎಂದುಕೊಂಡು ಅಳಿಸಿಬಿಟ್ಟೆ.