ವಾಪಸ್ ಹೋದ ಲೈಸೆನ್ಸ್

ಅಣ್ಣಾ,

ನೀನು ಓದುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಕುಡಿದು ಗಾಡಿ ಓಡಿಸಿದ್ದಕ್ಕೆ ನಿನ್ನ ಲೈಸೆನ್ಸ್ ಕಿತ್ತುಕೊಂಡು ಇವತ್ತಿಗೆ ಆರು ತಿಂಗಳು. ನೀನು ತೀರಿಕೊಂಡು ನಾಲ್ಕು. ಅಮಾನತಿನ ಅವಧಿ ಇವತ್ತಿಗೆ ಮುಗಿಯಿತಲ್ಲ, ಲೈಸೆನ್ಸ್‌ನಲ್ಲಿರುವ ನಿನ್ನ ಫೋಟೋ ಆದರೂ ಸಿಗಲಿ ಎಂದು ಆರ್‌ಟಿಒ ಕಚೇರಿಗೆ ಹೋಗಿದ್ದೆ.

"ಸತ್ತವರ ಲೈಸೆನ್ಸ್ ತಮ್ಮನಿಗೆ ಕೊಡ್ತೀರಾ ಸಾರ್?" ಎಂದು ನಿನ್ನ ಹೆಸರು ಹೇಳಿ ತಡವರಿಸುತ್ತ ಕೇಳಿದೆ.

ಗುಮಾಸ್ತರು ರಿಜಿಸ್ಟರ್ ತೆರೆದು ನಕ್ಕರು. "ಯಾರಪ್ಪಾ ಸತ್ತಿದ್ದು? ಬೆಳಿಗ್ಗೆ ಅವರೇ ಬಂದು ಸಹಿ ಹಾಕಿ ತಗೊಂಡು ಹೋದ್ರಲ್ಲ!"

ಸಹಿ ನಿನ್ನದೇ, ಕೊನೆಯ ಅಕ್ಷರದ ಉದ್ದ ಬಾಲದ ಸಮೇತ.

"ಕುಡಿದಿದ್ನಾ?" ಎಂದೆ.

"ಇಲ್ಲಪ್ಪಾ, ಚೆನ್ನಾಗೇ ಇದ್ರು. ಮನೆಗೆ ಹೋಗಿ ತಮ್ಮನ ಹತ್ರ ಗಾಡಿ ಕೀ ಇಸ್ಕೋತೀನಿ ಅಂದ್ರು."

ಈಗ ಹೊಸ್ತಿಲ ಮೇಲೆ ಕೂತಿದ್ದೇನೆ. ಆ ಕೊನೆಯ ದಿನ ನೀನು ತೂರಾಡುತ್ತ ಬಂದು ಕೀ ಕೇಳಿದೆ, ನಾನು ಎದುರಾಡಲಾಗದೆ ಕೊಟ್ಟೆ. ಒಳಗೆ ಬಾ ಅಣ್ಣಾ, ಊಟ ಮಾಡು, ಮಲಗು. ಕೀ ಮಾತ್ರ ಕೇಳಬೇಡ.